ಹಳೆಯ ಕಲಾಕೃತಿಗಳ ಜೀರ್ಣೋದ್ಧಾರಕ್ಕೆ ದಾನ: ವಿಜಯಪುರ, ಬಾಗಲಕೋಟೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ ಇಟ್ಟವರು, ನಿವೃತ್ತ ಮಾಸ್ತರರು, ಕಾರ್ಖಾನೆ ನಡೆಸುವವರು, ಊರ ಗುಡಿಯ ಕಮಿಟಿಯವರು, ಪುಣೆ–ಬೆಂಗಳೂರಿನಲ್ಲಿ ನೌಕರಿ ಹಿಡಿದ ನಮ್ಮ ಹುಡುಗರು: ಹಳೆಯ ಕಲೆ ಉಳಿಯಲೆಂದು ಏನಾದರೂ ಕೊಡಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ತೆರಿಗೆಯ ವಿಷಯ ಕೆಳಗಿದೆ, ಆದರೆ ಮೇಲಿನ ಮೂರು ನಾಲ್ಕು ಉತ್ತರಗಳನ್ನು ಓದದೆ ಅಲ್ಲಿಗೆ ಹಾರಬೇಡಿ.

ದವಾಖಾನಿ, ಸಾಲಿ, ದಾಸೋಹ ಇರೂವಾಗ ಹಳೆ ಕಲ್ಲು, ಹಳೆ ಚಿತ್ರಕ್ಕ ಯಾಕ್ರಿ ರೊಕ್ಕ ಕೊಡಬೇಕು?

ಅವುಗಳನ್ನು ಬಿಟ್ಟು ಇದಕ್ಕೆ ಕೊಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಇದಕ್ಕೆ ಕೊಡುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ಮಾಡಿಸಿದ ಚಾಲುಕ್ಯರ ಮಂಗಲೇಶ, ಗುಹೆ ಕೊರೆಸಿ ಕೈ ತೊಳೆದುಕೊಳ್ಳಲಿಲ್ಲ. ಅದರ ನಿರ್ವಹಣೆಗೆ ಲಂಜಿಗೇಸರ ಎಂಬ ಊರನ್ನೇ ಬಿಟ್ಟುಕೊಟ್ಟ. ದೇವರಿಗೆ ಹೂ ಕಟ್ಟುವ ಮಾಲಗಾರರಿಗೆ ಇಷ್ಟು ಪಾಲು ಎಂದು ಅಲ್ಲಿನ ಕನ್ನಡ ಶಾಸನದಲ್ಲೇ ಬರೆಸಿದ. ನಂತರದ ಎಷ್ಟೋ ಶಾಸನಗಳಲ್ಲಿ ಪೂಜೆಗೆ, ಆಹಾರದಾನಕ್ಕೆ ಕೊಟ್ಟ ಭೂಮಿಯ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ ಪಾಲು ತೆಗೆದಿಟ್ಟಿರುವುದನ್ನು ನೋಡುತ್ತೇವೆ. ಮುಂದೊಂದು ದಿನ ಗೋಡೆ ಬಿರಿಯುತ್ತದೆ, ಕಲ್ಲು ಒಡೆಯುತ್ತದೆ, ಅದಕ್ಕೆ ಈಗಲೇ ಆದಾಯ ಗೊತ್ತುಮಾಡಬೇಕು ಎಂಬ ಲೆಕ್ಕ ಅವರಿಗಿತ್ತು. ಕೊಟ್ಟವರು ರಾಜರಷ್ಟೇ ಅಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ವ್ಯಾಪಾರಿಗಳು, ಮತ್ತು ಅವರ ದಾನಗಳ ಶಾಸನಗಳು ದಕ್ಷಿಣ ಭಾರತದ ತುಂಬ ಇವೆ.

ಹತ್ತಿರದ ಕಾಲಕ್ಕೆ ಬನ್ನಿ. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೆಲ್ಲ ಶಿಕ್ಷಣಕ್ಕೆ ಬರೆದಿಟ್ಟರು. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಜಗಲಿ ಮೇಲೆ ಪೂಜೆಗಿಟ್ಟಿದ್ದ, ಅಟ್ಟದಲ್ಲಿ ಹುಳ ತಿನ್ನುತ್ತಿದ್ದ ತಾಳೆಗರಿ ಕಟ್ಟುಗಳನ್ನು ಕೂಡಿಹಾಕಿದರು. ಅವುಗಳಲ್ಲಿನ ವಚನಗಳನ್ನು ಕೂಡಿಸಿದ ‘ವಚನಶಾಸ್ತ್ರಸಾರ’ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದೆ ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಆ ಕಟ್ಟುಗಳನ್ನು ಅವರು ಕಾಪಾಡದೆ ಇದ್ದಿದ್ದರೆ ಇಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಎಷ್ಟು ವಚನಗಳು ಉಳಿಯುತ್ತಿದ್ದವು? ನನಗೆ ಈ ಪ್ರಶ್ನೆ ಸಾಕು, ಬೇರೆ ಸಮರ್ಥನೆ ಬೇಕಿಲ್ಲ.

ಜೀರ್ಣೋದ್ಧಾರ ಅಂದ್ರ ಹೊಸದರಂಗ ಮಾಡೂದಲ್ಲೇನ್ರಿ?

ಅಲ್ಲ. ವಸ್ತುಸಂಗ್ರಹಾಲಯದ ಕೆಲಸದಲ್ಲಿ ಮೊದಲ ಗುರಿ ಹಾನಿ ನಿಲ್ಲಿಸುವುದು. ಆಮೇಲೆ, ಬೇಕಿದ್ದರೆ ಮಾತ್ರ, ಕಣ್ಣಿಗೆ ಕಾಣುವ ಕೊಳೆ, ಹಳದಿ ತಿರುಗಿದ ವಾರ್ನಿಶ್, ಹಿಂದಿನವರು ಮೆತ್ತಿದ ಬಣ್ಣ ತೆಗೆಯುವುದು. ಇಲ್ಲದ್ದನ್ನು ಸೇರಿಸುವುದು ಕಟ್ಟಕಡೆಯ ಮಾತು. ಸೇರಿಸಿದರೂ ಹತ್ತಿರದಿಂದ ನೋಡಿದವರಿಗೆ ಇದು ಮೂಲದ್ದಲ್ಲ ಎಂದು ಗೊತ್ತಾಗುವಂತಿರಬೇಕು, ಮುಂದಿನವರು ಬೇಡವೆಂದರೆ ಮೂಲಕ್ಕೆ ಪೆಟ್ಟಾಗದಂತೆ ಬಿಡಿಸಿ ತೆಗೆಯುವಂತಿರಬೇಕು.

ಬಾದಾಮಿ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ಅರಳಿದ ಕಮಲ. ಶಿಲ್ಪಿ ಉದ್ದೇಶಪಟ್ಟೇ ಹಾಗೆ ಕಡೆದದ್ದು. ಓದಿಕೊಳ್ಳದ ಕೈಗೆ ಅಂಥ ಮೂರ್ತಿ ಸಿಕ್ಕು, ‘ತಲೆ ಹೋಗಿದೆ, ಕೂಡಿಸೋಣ’ ಎಂದು ಹೊರಟರೆ ಏನಾಗುತ್ತದೆ ಯೋಚಿಸಿ. ಮುರಿದ ಮೂಗು, ಸವೆದ ಬೆರಳು ಕೂಡ ಮೂರ್ತಿಯ ಚರಿತ್ರೆಯೇ. ಅದಕ್ಕೆ ಸಿಮೆಂಟಿನ ಮೂಗು ಕೂಡಿಸಲು ಯಾರಾದರೂ ದೇಣಿಗೆ ಕೇಳಿದರೆ ಕೊಡಬೇಡಿ.

ತರಬೇತಾದವರು ಕೆಲಸ ಮಾಡುವುದನ್ನು ಒಮ್ಮೆ ಕೂತು ನೋಡಬೇಕು. ಒಂದು ತೈಲಚಿತ್ರ ಶುಚಿ ಮಾಡುವ ಮೊದಲು ಮೂಲೆಯಲ್ಲಿ ಉಗುರಿನಷ್ಟು ಜಾಗ ಆರಿಸಿಕೊಳ್ಳುತ್ತಾರೆ. ಕಡ್ಡಿಗೆ ಹತ್ತಿ ಸುತ್ತಿ, ದ್ರಾವಣದಲ್ಲಿ ಅದ್ದಿ, ಹಿಂಡಿ, ಒತ್ತದೆ ಉರುಳಿಸುತ್ತಾರೆ. ಹತ್ತಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಂದು ಬಂದರೆ ಕೊಳೆ, ಚಿತ್ರದ ಬಣ್ಣವೇ ಬಂದರೆ ಅಲ್ಲಿಗೆ ನಿಲ್ಲಿಸಿ ದ್ರಾವಣ ಬದಲಿಸುತ್ತಾರೆ. ದಿನವಿಡೀ ಕೂತರೂ ಅಂಗೈಯಗಲ ಮುಗಿಯದೆ ಇರಬಹುದು. ನಿಮ್ಮ ರೊಕ್ಕ ಹೋಗುವುದು ಈ ತಾಳ್ಮೆಗೆ.

ನಮ್ಮ ವಿಜಯಪುರದಾಗ ಹಂಗ ಕಾಪಾಡುವಂಥಾದ್ದು ಏನೈತ್ರಿ?

ಗೋಳಗುಮ್ಮಟಕ್ಕೆ ಹೋದವರು ಎದುರಿನ ನಗಾರಖಾನೆಯ ಕಟ್ಟಡವನ್ನು ದಾಟಿಯೇ ಹೋಗಿರುತ್ತಾರೆ. ಅದೇ ವಸ್ತುಸಂಗ್ರಹಾಲಯ. 1892ರಲ್ಲಿ ಶುರುವಾದದ್ದು, ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು. ಕನ್ನಡ, ಸಂಸ್ಕೃತ, ಅರಬ್ಬಿ, ಪಾರ್ಸಿ ಶಾಸನಗಳು, ಜೈನ ಬಿಂಬಗಳು, ಆಯುಧಗಳು, ಬಿದರಿ ಸಾಮಾನು, ಚೀನೀ ಪಿಂಗಾಣಿ, ಕಿರುಚಿತ್ರಗಳು, ಹಸ್ತಪ್ರತಿಗಳು, ಇದೇ ಊರಿನ ಹಳೆಯ ಅರಮನೆ ಅಸಾರ್ ಮಹಲಿನಲ್ಲಿದ್ದ ರತ್ನಗಂಬಳಿಗಳು, ಎಲ್ಲವೂ ಒಂದೇ ಸೂರಿನಡಿ. ಎಷ್ಟೋ ಜನ ಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹಾಗೇ ಹೊರಬೀಳುತ್ತಾರೆ. ಇದು ನನಗೆ ಬೇಸರದ ಸಂಗತಿ.

ನಮ್ಮ ಹವೆಯೇ ಇಂಥ ವಸ್ತುಗಳ ಮೊದಲ ವೈರಿ. ಏಪ್ರಿಲ್–ಮೇ ತಿಂಗಳ ಒಣ ಬಿಸಿಲಿಗೆ ಕಟ್ಟಿಗೆ, ಚರ್ಮ, ಕಾಗದ, ತಾಳೆಗರಿ ಕುಗ್ಗುತ್ತವೆ. ಮಳೆ ಹಿಡಿದಾಗ ತೇವ ಕುಡಿದು ಹಿಗ್ಗುತ್ತವೆ. ವರ್ಷ ವರ್ಷ ಹೀಗೆ ಹಿಗ್ಗಿ ಕುಗ್ಗಿ ಚಿತ್ರದ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಗಂಬಳಿಗೆ ದೂಳಿನ ಕಾಟ ಬೇರೆ. ಸಣ್ಣ ಮರಳ ಕಣ ನೂಲಿನ ಬುಡಕ್ಕೆ ಇಳಿದು ಒಳಗಿನಿಂದ ಕೊಯ್ಯುತ್ತದೆ. ಹಾಗಂತ ಹಳೆಯ ಗಂಬಳಿಯನ್ನು ಮನೆಯಲ್ಲಿ ಮಾಡಿದಂತೆ ಹೊರಗೆ ಒಯ್ದು ಬಡಿಗೆಯಿಂದ ಬಡಿಯುವಂತಿಲ್ಲ. ಮೇಲೆ ತೆಳುವಾದ ಜಾಳಿಗೆ ಬಟ್ಟೆ ಹಾಸಿ, ಅದರ ಮೇಲಿಂದ ಮೆಲ್ಲಗೆ ದೂಳು ಹೀರುವ ಯಂತ್ರ ಹಿಡಿಯುತ್ತಾರೆ, ನೂಲು ಮೇಲೇಳದಂತೆ. ಸಡಿಲಾದ ಕಡೆ ಹಿಂದಿನಿಂದ ಹೊಂದುವ ಬಟ್ಟೆ ಕೊಟ್ಟು, ಕೂದಲಿನಷ್ಟು ತೆಳ್ಳನೆಯ ರೇಷ್ಮೆ ನೂಲಿನಲ್ಲಿ ಹಿಡಿಯುತ್ತಾರೆ. ಮಡಚಿದರೆ ಮಡಿಕೆಯಲ್ಲೇ ಸೀಳುತ್ತದೆ, ಅದಕ್ಕೇ ಆಮ್ಲವಿಲ್ಲದ ಕಾಗದ ಸುತ್ತಿದ ದಪ್ಪ ಕೊಳವೆಗೆ ಸುತ್ತಿಡುತ್ತಾರೆ. ಜವಳಿ, ಕಾಗದ, ಕಿರುಚಿತ್ರಗಳ ಮೇಲೆ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಎಂಬುದು ಸಂಗ್ರಹಾಲಯಗಳ ಸಾಮಾನ್ಯ ರೂಢಿ. ಕೋಣೆ ಯಾಕಿಷ್ಟು ಮಬ್ಬು ಎಂದು ಬೇಜಾರಾಗಬೇಡಿ.

ಕೈಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಸಾಕ್ಷಿ ಇಲ್ಲೇ ಇದೆ. ವಿಜಯಪುರದ ಪೂರ್ವಕ್ಕೆ ಕುಮಟಗಿಯ ಜಲಮಹಲಿಗೆ ಹೋಗಿ. ಆದಿಲಶಾಹಿ ಕಾಲದ ಭಿತ್ತಿಚಿತ್ರಗಳು, ಪೋಲೊ ಆಟ, ಕುಸ್ತಿ, ಸಂಗೀತಗಾರರು, ಎಲ್ಲ ಗೋಡೆಯ ಮೇಲೆ ಇದ್ದವು. ಈಗ ಹುಡುಕಬೇಕು. ಬಂದವರು ಮೊಳೆಯಲ್ಲಿ ಹೆಸರು ಗೀಚಿದ್ದಾರೆ. ಇನ್ನು ಅಸಾರ್ ಮಹಲಿನ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು, ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಉಳಿದದ್ದನ್ನಾದರೂ ಇಲ್ಲೇ ಚೆನ್ನಾಗಿ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಹಟ.

ನಮ್ಮ ಊರ ಗುಡಿ ಕಲ್ಲಿಗೆ ಬಣ್ಣಾ ಹಚ್ಚಸಾಕ ಪಟ್ಟಿ ಎತ್ತಾಕತ್ತಾರು. ಕೊಡಬೇಕೋ ಬ್ಯಾಡೋ?

ಈ ಪ್ರಶ್ನೆ ವರ್ಷಕ್ಕೆ ಎಷ್ಟು ಸಲ ಬರುತ್ತದೋ. ಭಕ್ತಿಯಿಂದ ಕೇಳುತ್ತಾರೆ, ಹಾಗಾಗಿ ಉತ್ತರವೂ ಪ್ರೀತಿಯಿಂದಲೇ ಇರಬೇಕು: ಹಳೆಯ ಕಲ್ಲಿಗೆ ಎನಾಮೆಲ್ ಬಣ್ಣ ಹಚ್ಚುವುದಕ್ಕೆ, ಮರಳು ಹೊಡೆಸಿ ಹೊಳಪು ತರಿಸುವುದಕ್ಕೆ, ಒಳಗೆಲ್ಲ ಟೈಲ್ಸ್ ಕೂಡಿಸುವುದಕ್ಕೆ ದಯವಿಟ್ಟು ಕೊಡಬೇಡಿ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಲ್ಲು ಮರಳುಗಲ್ಲು. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಮಳೆಯಲ್ಲಿ ನೀರು ಒಳಗೆ ಹೋಗುತ್ತದೆ, ಬಿಸಿಲಿಗೆ ಹೊರಗೆ ಬರುತ್ತದೆ. ಮೇಲೆ ಎಣ್ಣೆಬಣ್ಣದ ಪದರ ಕೂತರೆ ಹೊರಗೆ ಬರುವ ದಾರಿ ಮುಚ್ಚುತ್ತದೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಕಲ್ಲಿನ ಮೈಯನ್ನೇ ಸಿಪ್ಪೆ ಎಬ್ಬಿಸುತ್ತದೆ. ಬಣ್ಣ ಉದುರಿದಾಗ ಶಿಲ್ಪದ ಕಣ್ಣು, ತುಟಿ, ಒಡವೆಯ ಕೆತ್ತನೆಯೂ ಉದುರುತ್ತದೆ. ಮರಳು ಹೊಡೆಸುವುದು ಇನ್ನೂ ಘೋರ. ಶತಮಾನಗಳು ಸವೆಸದ ಉಳಿಯ ಗುರುತು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಶಾಸನದ ಅಕ್ಷರಗಳಾದರೆ ಓದುವ ಆಸೆಯನ್ನೇ ಬಿಡಬೇಕು.

ಅದೇ ಪಟ್ಟಿಯ ರೊಕ್ಕದಲ್ಲಿ ಏನು ಮಾಡಬಹುದು? ಮಾಳಿಗೆ ಸೋರುವುದನ್ನು ನಿಲ್ಲಿಸಿ. ಗೋಡೆ ಸಂದಿಯಲ್ಲಿ ಹುಟ್ಟಿದ ಅರಳಿ, ಬಸರಿ ಸಸಿಗಳನ್ನು ಬೇರು ಬಲಿಯುವ ಮೊದಲೇ ತೆಗೆಸಿ. ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೋಡಿಸಿ. ಹೊರಗೆ ಬಿದ್ದಿರುವ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಪುರಾತತ್ವ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ನೆರಳಿಗೆ ತನ್ನಿ. ದೊಡ್ಡ ದುರಸ್ತಿ ಇದ್ದರೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಇದೆ. ಸರಕಾರ, ಟ್ರಸ್ಟ್, ಊರವರು ಪಾಲು ಹಾಕಿ ಹಳೆಯ ಗುಡಿಗಳನ್ನು ಹಳೆಯ ರೀತಿಯಲ್ಲೇ ಎತ್ತಿ ನಿಲ್ಲಿಸುವ ಕೆಲಸವನ್ನು ಅದು ವರ್ಷಗಳಿಂದ ಮಾಡುತ್ತಿದೆ. ಗುಡಿ ಸಂರಕ್ಷಿತ ಸ್ಮಾರಕವಾಗಿದ್ದರೆ ಮಾತ್ರ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಅಲ್ಲಾಡಿಸಬೇಡಿ. ಕೇಂದ್ರದ 1958ರ ಕಾಯ್ದೆಯಡಿ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.

ರೊಕ್ಕ ಯಾರ ಕೈಯಾಗ ಕೊಡಬೇಕ್ರಿ?

ವಸ್ತು ಯಾರ ಸ್ವಾಧೀನದಲ್ಲಿದೆ ಎನ್ನುವುದರ ಮೇಲೆ ದಾರಿ ಬೇರೆ ಬೇರೆ. ಸಂಗ್ರಹಾಲಯದ ಸಿಬ್ಬಂದಿ ಕೈಗೆ ನಗದು ಕೊಡುವ ದಾರಿ ಎಲ್ಲಿಯೂ ಇಲ್ಲ, ಅದನ್ನು ಮೊದಲೇ ತಲೆಯಿಂದ ತೆಗೆಯಿರಿ.

ವಿಜಯಪುರ, ಬಾದಾಮಿ, ಐಹೊಳೆಯ ಸಂಗ್ರಹಾಲಯಗಳು ಕೇಂದ್ರ ಸರ್ವೇಕ್ಷಣ ಇಲಾಖೆಯವು. ಅವುಗಳಿಗೆ ಸರಿಯಾದ ದಾರಿ ರಾಷ್ಟ್ರೀಯ ಸಂಸ್ಕೃತಿ ನಿಧಿ. ಕೇಂದ್ರ ಸಂಸ್ಕೃತಿ ಸಚಿವಾಲಯ 1996ರಲ್ಲಿ ಸ್ಥಾಪಿಸಿದ ಟ್ರಸ್ಟ್ ಇದು. ದೊಡ್ಡ ದಾನಿ ‘ಈ ಕೆಲಸಕ್ಕೆ ಮಾತ್ರ’ ಎಂದು ಗೊತ್ತುಮಾಡಿ ಒಪ್ಪಂದ ಮಾಡಿಕೊಳ್ಳಬಹುದು. ಕೆಲಸ ನೋಡಿಕೊಳ್ಳುವ ಸಮಿತಿಯಲ್ಲಿ ದಾನಿಯ ಕಡೆಯವರೂ ಕೂಡುತ್ತಾರೆ. ದೆಹಲಿಯ ಹುಮಾಯೂನ್ ಸಮಾಧಿಯ ತೋಟವನ್ನು ಆಗಾ ಖಾನ್ ಟ್ರಸ್ಟ್ ಮರಳಿ ಕಟ್ಟಿಕೊಟ್ಟದ್ದು ಈ ನಿಧಿಯ ಮೂಲಕವೇ.

ಕಿತ್ತೂರಿನ ಚನ್ನಮ್ಮ ವಸ್ತುಸಂಗ್ರಹಾಲಯ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು. ಅದರ ಪ್ರಧಾನ ಕಚೇರಿ ಮೈಸೂರಿನಲ್ಲಿದೆ, ಪತ್ರ ಅಲ್ಲಿಗೆ ಬರೆಯಬೇಕು. ಮಠ, ಶಿಕ್ಷಣ ಸಂಸ್ಥೆ, ಸಂಶೋಧನ ಕೇಂದ್ರಗಳ ಹಸ್ತಪ್ರತಿ ಭಂಡಾರಗಳಾದರೆ ಆ ಸಂಸ್ಥೆಯ ಟ್ರಸ್ಟಿಗೇ ಚೆಕ್ಕು ಕೊಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ಊರಿನ ದಾನಿಗೆ ಬೇಗ ಫಲ ಕಾಣುವುದು ಈ ಹಸ್ತಪ್ರತಿ ಕೆಲಸದಲ್ಲಿ. ಒಂದೊಂದೇ ಗರಿಯನ್ನು ಮೆತ್ತನೆ ಕುಂಚದಿಂದ ಒರೆಸಿ, ಮಜ್ಜಿಗೆ ಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಎಣ್ಣೆ ತೆಳುವಾಗಿ ಸವರಿ, ಮಾಸಿದ ಕೊರೆತಕ್ಕೆ ಮತ್ತೆ ಮಸಿ ತುಂಬಿ, ಎರಡು ಹಲಗೆಗಳ ನಡುವೆ ಇಟ್ಟು ಬಟ್ಟೆಯಲ್ಲಿ ಕಟ್ಟುವ ಕೆಲಸ. ಜೊತೆಗೆ ಪ್ರತಿ ಗರಿಯ ಫೋಟೊ. ಕಟ್ಟು ಬಿಚ್ಚಿದಾಗ ಪುಡಿಯಾಗುತ್ತಿದ್ದದ್ದು ಮತ್ತೆ ಓದಲು ಸಿಗುತ್ತದೆ.

ಕೊಟ್ಟ ರೊಕ್ಕ ನಡುವ ಯಾರರೆ ತಿಂದ್ರ?

ಕೇಳಲೇಬೇಕಾದ ಪ್ರಶ್ನೆ. ಇದನ್ನು ಕೇಳಲು ಸಂಕೋಚಪಡಬೇಡಿ, ಕೇಳಿದರೆ ಮುಖ ಗಂಟಿಕ್ಕುವವರಿಗೆ ಕೊಡಬೇಡಿ. ಕೆಲಸಕ್ಕೆ ಮೊದಲು ವಸ್ತುವಿನ ಸ್ಥಿತಿ ವರದಿ ಇರಬೇಕು: ಎಲ್ಲಿ ಬಿರುಕು, ಎಲ್ಲಿ ಹುಳ, ಹಿಂದೆ ಯಾರು ಏನು ಮೆತ್ತಿದ್ದಾರೆ. ಚಿಕಿತ್ಸೆಯ ಯೋಜನೆ, ಬಳಸುವ ಸಾಮಗ್ರಿಯ ಹೆಸರು, ಮೊದಲ, ನಡುವಿನ, ಕೊನೆಯ ಫೋಟೊಗಳು ಇರಬೇಕು. ರೊಕ್ಕವನ್ನು ಒಮ್ಮೆಲೆ ಕೊಡದೆ ಕೆಲಸ ನಡೆದಂತೆ ಕಂತಿನಲ್ಲಿ ಕೊಡಿ.

ಕೆಲಸ ಮಾಡುವವರು ಎಲ್ಲಿ ಕಲಿತವರು ಎಂದೂ ವಿಚಾರಿಸಿ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಪರಂಪರೆ ಕಾಪಾಡುವ ರಾಷ್ಟ್ರಮಟ್ಟದ ಸಂಸ್ಥೆಯಾದ ಇಂಟ್ಯಾಕ್ ಸಂರಕ್ಷಣಾ ಕೇಂದ್ರ ಇದೆ. ‘ಚಿತ್ರ ಬರೆಯೋದರಾಗ ಕೈ ಛಲೋ ಐತಿ’ ಎಂಬುದು ಅರ್ಹತೆಯಲ್ಲ. 2012ರಲ್ಲಿ ಸ್ಪೇನಿನ ಬೋರ್ಹಾ ಊರಿನ ಚರ್ಚಿನಲ್ಲಿ ಗೋಡೆಯ ಮೇಲಿನ ಯೇಸುವಿನ ಚಿತ್ರವನ್ನು ಒಬ್ಬ ಭಕ್ತೆ ಒಳ್ಳೆಯ ಮನಸ್ಸಿನಿಂದಲೇ ತಿದ್ದಲು ಹೋದರು, ಮುಖವೇ ಗುರುತು ಸಿಗದಂತಾಯಿತು.

ನಮ್ಮ ಕಾರ್ಖಾನಿ ಸಿಎಸ್‌ಆರ್ ರೊಕ್ಕ ಇದಕ್ಕ ಬರತೈತೇನ್ರಿ?

ಬರುತ್ತದೆ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕಾಯ್ದೆಯಂತೆ ತೆಗೆದಿಡುವ ರೊಕ್ಕ ಇದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ, ಚಾರಿತ್ರಿಕ ಕಟ್ಟಡಗಳ ಮತ್ತು ಕಲಾಕೃತಿಗಳ ಜೀರ್ಣೋದ್ಧಾರ ಎಂದು ಸ್ಪಷ್ಟವಾಗಿ ಬರೆದಿದೆ. ನಿವ್ವಳ ಲಾಭ 5 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಸಂಪತ್ತು 500 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು. ನಮ್ಮ ಕಡೆ ಸಕ್ಕರೆ, ಸಿಮೆಂಟು ಕಾರ್ಖಾನೆಗಳಿಗೆ ಕೊರತೆಯಿಲ್ಲ. ಹೊರಗಿನ ಸಂಸ್ಥೆಯ ಮೂಲಕ ಮಾಡಿಸುವುದಾದರೆ ಆ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಹೊಂದಿರಬೇಕು. ಸಹಕಾರಿ ಕಾರ್ಖಾನೆ, ಸೊಸೈಟಿಗಳು ಕಂಪನಿಗಳಲ್ಲ, ಅವಕ್ಕೆ ಈ ನಿಯಮ ತಟ್ಟುವುದಿಲ್ಲ. ಅವರು ತಮ್ಮ ಬೈಲಾ ನೋಡಿ, ಸರ್ವಸಾಧಾರಣ ಸಭೆಯ ಮುಂದೆ ಇಡಬೇಕು.

ತೆರಿಗೆ ಉಳೀತೈತೇನ್ರಿ?

ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ. ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಕೊಟ್ಟದ್ದಕ್ಕೆ ಜನ 80ಜಿ ಎಂದು ಕರೆಯುವ ಕಲಮಿನಡಿ ಪೂರ್ತಿ ವಿನಾಯಿತಿ ಇದೆ. ನೋಂದಾಯಿತ ಖಾಸಗಿ ಟ್ರಸ್ಟುಗಳಿಗೆ ಸಾಮಾನ್ಯವಾಗಿ ಅರ್ಧ. 2000 ರೂಪಾಯಿಗೆ ಮೀರಿ ನಗದು ಕೊಟ್ಟರೆ ವಿನಾಯಿತಿ ಇಲ್ಲ, ವಸ್ತುರೂಪದ ದಾನಕ್ಕೂ ಇಲ್ಲ. ಟ್ರಸ್ಟಿನಿಂದ ದಾನದ ಪ್ರಮಾಣಪತ್ರ (1961ರ ಕಾಯ್ದೆಯಡಿ 10ಬಿಇ) ಕೇಳಿ ಪಡೆಯಿರಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಕಲಮುಗಳ ಸಂಖ್ಯೆಗಳನ್ನೇ ಬದಲಿಸುತ್ತದೆ, ಹಾಗಾಗಿ ನಿಮ್ಮ ಆಡಿಟರರನ್ನು ಒಮ್ಮೆ ಕೇಳಿ.

ಬ್ಯಾರೆ ಕಡೆ ಹೆಂಗ ಮಾಡ್ತಾರ?

ವ್ಯಾಟಿಕನ್ ವಸ್ತುಸಂಗ್ರಹಾಲಯಗಳಿಗೆ 1983ರಿಂದ ಒಂದು ಕಲಾಪೋಷಕರ ಬಳಗ ಇದೆ. ಅವರ ರೀತಿ ನನಗೆ ಬಹಳ ಹಿಡಿಸಿದೆ. ಚಿಕಿತ್ಸೆಗೆ ಕಾದಿರುವ ಕೃತಿಗಳನ್ನು ಸಂಗ್ರಹಾಲಯವೇ ಪುಸ್ತಕ ಮಾಡಿ ಮುಂದಿಡುತ್ತದೆ: ಇದು ಕೃತಿ, ಇದು ಅದರ ಸ್ಥಿತಿ, ಇಷ್ಟು ಖರ್ಚು. ಬೇರೆ ಬೇರೆ ಊರುಗಳ ಶಾಖೆಗಳು ತಮಗೆ ಸಾಧ್ಯವಾದದ್ದನ್ನು ದತ್ತು ತೆಗೆದುಕೊಳ್ಳುತ್ತವೆ. ಅದೇ ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ 1980ರಿಂದ 1994ರವರೆಗೆ ಮೈಕೆಲ್ಯಾಂಜೆಲೊ ಚಿತ್ರಗಳನ್ನು ಶುಚಿ ಮಾಡಲು ಜಪಾನಿನ ನಿಪ್ಪಾನ್ ಟೆಲಿವಿಷನ್ ರೊಕ್ಕ ಹಾಕಿತು, ಬದಲಿಗೆ ಚಿತ್ರೀಕರಣದ ಹಕ್ಕು ಪಡೆಯಿತು. ಅತಿಯಾಗಿ ತೊಳೆದರು ಎಂಬ ವಾದ ಕಲಾಪಂಡಿತರಲ್ಲಿ ಆಗಲೇ ಎದ್ದಿತು. ದಾನಿ ಎಷ್ಟು ದೊಡ್ಡವನಾದರೂ ಕೆಲಸದ ಮೇಲೆ ಹೊರಗಿನ ತಜ್ಞರ ಕಣ್ಣಿರಬೇಕು.

ಹತ್ತಿರದ ಮಾದರಿ ಮುಂಬಯಿಯ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ. ಮಹಾನಗರಪಾಲಿಕೆ, ಇಂಟ್ಯಾಕ್, ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಮೂವರೂ ಕೈಗೂಡಿಸಿ ಪಾಳು ಬಿದ್ದಿದ್ದ ಕಟ್ಟಡವನ್ನೂ ಒಳಗಿನ ವಸ್ತುಗಳನ್ನೂ ಎತ್ತಿ ನಿಲ್ಲಿಸಿದರು. 2005ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು, 2008ರಲ್ಲಿ ಬಾಗಿಲು ಮತ್ತೆ ತೆರೆಯಿತು. ನಮ್ಮ ಈ ಜಿಲ್ಲೆಗಳಲ್ಲಿ ರೊಕ್ಕವೂ ಇದೆ, ಮನಸ್ಸೂ ಇದೆ. ಇಲ್ಲದ್ದು ವ್ಯಾಟಿಕನ್ನಿನಂಥ ಪಟ್ಟಿ. ಯಾವ ವಸ್ತುವಿಗೆ ಏನು ಬೇಕು ಎಂದು ಬರೆದು ಮುಂದಿಟ್ಟರೆ ಕೊಡುವವರು ಬರುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಂಥ ಪಟ್ಟಿ ತಯಾರಿಸುವ ಖರ್ಚಿಗೇ ಒಬ್ಬ ದಾನಿ ಮುಂದೆ ಬಂದರೆ, ಹೊಳೆಯುವ ಗಾಜಿನ ಕಪಾಟು ಕೊಡಿಸಿದವರಿಗಿಂತ ದೊಡ್ಡ ಉಪಕಾರ ಮಾಡಿದಂತೆ.

ನಮ್ಮ ಹಿರಿಯರ ಹೆಸರು ಹಾಕ್ತಾರೇನ್ರಿ?

ಒಪ್ಪಂದದಲ್ಲಿ ಬರೆಸಿಕೊಂಡರೆ ಹಾಕುತ್ತಾರೆ. ಫಲಕ ಪಕ್ಕದಲ್ಲಿರಲಿ, ವಸ್ತುವಿನ ಮೇಲೆ, ಅದರ ಪೀಠದ ಮೇಲೆ ಬೇಡ.

ನನ್ನ ಹತ್ರ ಸಾವಿರ, ಎರಡು ಸಾವಿರ ಅಷ್ಟ ಐತಿ. ಅದರಾಗ ಏನಾದೀತ್ರಿ?

ಒಬ್ಬರದಾಗಿ ಸಣ್ಣದು, ಹತ್ತು ಜನ ಕೂಡಿದರೆ ಕೆಲಸಕ್ಕೆ ಬರುವಂಥದ್ದು. ಆಮ್ಲವಿಲ್ಲದ ಕಾಗದ, ಪೆಟ್ಟಿಗೆ, ತೇವ ಹೀರುವ ಸಿಲಿಕಾ ಜೆಲ್, ಕೋಣೆಯ ಶಾಖ–ತೇವ ಬರೆದಿಡುವ ಪುಟ್ಟ ಯಂತ್ರ, ಇವೆಲ್ಲ ಯಾರೂ ಉದ್ಘಾಟನೆ ಮಾಡದ ಸಾಮಾನು. ಜೀರ್ಣೋದ್ಧಾರ ಮಾಡಿದ ವಸ್ತುವನ್ನು ಇವಿಲ್ಲದೆ ಮತ್ತೆ ಅದೇ ಕೋಣೆಗೆ ಇಟ್ಟರೆ ಕೆಲವೇ ಮಳೆಗಾಲದಲ್ಲಿ ಹಳೆಯ ಸ್ಥಿತಿಗೇ ಬರುತ್ತದೆ. ಹಸ್ತಪ್ರತಿ ಭಂಡಾರ ಇರುವ ಸಂಸ್ಥೆಗೆ ಹೋಗಿ, ‘ಈ ವರ್ಷದ ಪೆಟ್ಟಿಗೆಗಳ ಖರ್ಚು ನಮ್ಮ ಗೆಳೆಯರ ಬಳಗದ್ದು’ ಎಂದು ಹೇಳಿ ನೋಡಿ. ರೊಕ್ಕವೇ ಇಲ್ಲದವರು ಸಮಯ ಕೊಡಬಹುದು. ಹಳಗನ್ನಡ ಓದಬಲ್ಲ ನಿವೃತ್ತ ಮಾಸ್ತರರೊಬ್ಬರು ಕಟ್ಟುಗಳ ಸೂಚಿ ಬರೆಯಲು ಕೂತರೆ ಅದಕ್ಕೆ ಬೆಲೆ ಕಟ್ಟಲಾಗದು.

ನಮ್ಮ ವಾಡೇದಾಗ ಹಳೆ ಕತ್ತಿ, ಚಿತ್ರಾ, ಹೊತ್ತಿಗಿ ಅದಾವು. ಅವನ್ನ ಸಂಗ್ರಹಾಲಯಕ್ಕ ಕೊಡಬಹುದೇನ್ರಿ?

ಕೊಡಬಹುದು. ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮೂರ್ತಿ, ಚಿತ್ರ, ಸಚಿತ್ರ ಹಸ್ತಪ್ರತಿಗಳಂಥವನ್ನು ನೋಂದಣಿ ಮಾಡಿಸಬೇಕು. ಇಟ್ಟುಕೊಳ್ಳುವುದು ಅಪರಾಧವಲ್ಲ, ದೇಶದ ಹೊರಗೆ ಸಾಗಿಸುವುದು ಅಪರಾಧ. ಹೊಲ ಊಳುವಾಗ, ಬುನಾದಿ ತೋಡುವಾಗ ನಿಧಿ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕೊಡುವ ಮುನ್ನ ಮನೆಯಲ್ಲಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಯಾವ ಹಿರಿಯರದು, ಎಲ್ಲಿಂದ ಬಂತು ಎಂದು ಮನೆಯ ಅಜ್ಜಿ ಹೇಳುವುದನ್ನು ಬರೆದು ಜೊತೆಗೆ ಕೊಡಿ. ಆ ಒಂದು ಹಾಳೆ ಇಲ್ಲದೆ ಎಷ್ಟೋ ವಸ್ತುಗಳು ಸಂಗ್ರಹಾಲಯಗಳಲ್ಲಿ ಅನಾಥವಾಗಿವೆ.

ಕೊಟ್ಟ ಮ್ಯಾಲೆ ಎಷ್ಟು ದಿನದಾಗ ಮುಗೀತೈತ್ರಿ?

ಅನುಮತಿ, ಒಪ್ಪಂದಕ್ಕೇ ತಿಂಗಳುಗಳು ಹಿಡಿಯುತ್ತವೆ. ಜಾತ್ರೆಯೊಳಗೆ, ಪುಣ್ಯತಿಥಿಯೊಳಗೆ ಮುಗಿಸಿ ಎಂದು ಗಡುವು ಹಾಕಬೇಡಿ.

ಮೊದಲ ಯಾರನ್ನ ಕಾಣಬೇಕು?

ಮೊದಲು ವಸ್ತುವನ್ನು ಕಾಣಿ. ಒಂದು ದಿನ ಬಿಡುವು ಮಾಡಿಕೊಂಡು, ಮನೆಮಂದಿಯನ್ನು ಕರೆದುಕೊಂಡು ನಗಾರಖಾನೆಗೆ ಹೋಗಿ. ಯಾವುದರ ಮುಂದೆ ನಿಮ್ಮ ಕಾಲು ನಿಂತಿತೋ ಅದರ ಹೆಸರು ಬರೆದುಕೊಂಡು, ಅಲ್ಲಿನ ಅಧಿಕಾರಿಯನ್ನು ಕಂಡು ‘ಇದಕ್ಕೆ ಏನು ಬೇಕಾಗಿದೆ’ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಂಡು ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ಪತ್ರ ಹಾಕಿ, ಒಂದು ಪ್ರತಿ ಸರ್ವೇಕ್ಷಣ ಇಲಾಖೆಗೆ ಕಳಿಸಿ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ.